ಫ್ರೀಜರ್‌ನಲ್ಲಿಟ್ಟ ಲಸಿಕೆ, ಸತ್ತ ಎರಡು ಕರು

ಸೋಮವಾರಪೇಟೆ ಕಡೆಯ ಒಂದು ಕೊಟ್ಟಿಗೆಯಲ್ಲಿ ಐದು ತಿಂಗಳ ಕರುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದರು. ಆದರೂ ಮಳೆಗಾಲದಲ್ಲಿ ರೋಗ ಬಂತು. ಎರಡು ಕರುಗಳು ಬಾಯಲ್ಲಿ ಹುಣ್ಣು ಏಳುವ ಮೊದಲೇ ಸತ್ತವು. ಎಳೆಗರುಗಳಲ್ಲಿ ಈ ವೈರಸ್ ಹೃದಯದ ಸ್ನಾಯುವಿಗೇ ಬಡಿಯುತ್ತದೆ. ಜೊಲ್ಲು ಸುರಿಯಲಿ, ಕುಂಟಲಿ, ಆಮೇಲೆ ನೋಡೋಣ ಎಂದರೆ ಆಗದು.

ಊರವರು ಲಸಿಕೆಯೇ ನಕಲಿ ಎಂದರು. ವಿಚಾರಿಸಿದರೆ ಬೇರೆ ಕಥೆ. ಕರೆಂಟು ಹೋಗುತ್ತದೆಂದು ಬಾಟಲಿಯನ್ನು ಮುಂಚಿತವಾಗಿ ಫ್ರೀಜರ್‌ನಲ್ಲಿಟ್ಟಿದ್ದರು, ತಣ್ಣಗಿದ್ದಷ್ಟೂ ಒಳ್ಳೆಯದೆಂದು. ಇದು ಎಣ್ಣೆ ಬೆರೆಸಿದ ಲಸಿಕೆ, 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದರೆ ಎಣ್ಣೆ-ನೀರಿನ ಬೆರಕೆ ಒಡೆಯುತ್ತದೆ. ಕರಗಿದ ಮೇಲೆ ಅಲ್ಲಾಡಿಸಿದರೆ ಮತ್ತೆ ಬೆಳ್ಳಗೆ ಕಾಣಬಹುದು, ಕಸುವು ಮಾತ್ರ ಮರಳದು. ಒಮ್ಮೆ ಹೆಪ್ಪುಗಟ್ಟಿದ್ದು ಗೊತ್ತಾದರೆ ಚೆಲ್ಲಿಬಿಡಿ. ಪೇಟೆಯಿಂದ ತರುವಾಗಲೂ ಐಸ್‌ಪ್ಯಾಕಿಗೆ ಪೇಪರ್ ಸುತ್ತಿ, ಬಾಟಲಿ ನೇರ ತಾಗದಂತೆ ಇಡಿ. ಕೊಡಗಿನ ಮಳೆಯಲ್ಲಿ ದಿನಗಟ್ಟಲೆ ಕರೆಂಟು ಇರದಾಗ ಮನೆ ಫ್ರಿಜ್ ನಂಬುವುದಕ್ಕಿಂತ, ಬೇಕಾದ ದಿನವೇ ತರುವುದು ಲೇಸು.

ಇನ್ನೊಂದು ತಪ್ಪು, ಒಂದೇ ಡೋಸ್‌ಗೆ ನಿಲ್ಲಿಸಿದ್ದು. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲನೆಯದು, ಒಂದು ತಿಂಗಳ ಮೇಲೆ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ. ಮಳೆ ಹಿಡಿಯುವ ಮೊದಲೇ ಬೂಸ್ಟರ್ ಮುಗಿಯುವಂತೆ ಲೆಕ್ಕ ಹಾಕಿ. ಚುಚ್ಚಿದ ಮರುದಿನವೇ ರಕ್ಷಣೆ ಸಿಗದು, ಎರಡು-ಮೂರು ವಾರ ಬೇಕು. ಅಷ್ಟರವರೆಗೆ ಸಂತೆಯ ದನ ಕೊಟ್ಟಿಗೆಗೆ ಬೇಡ. ಜ್ವರವಿರುವ ಕರುವಿಗೆ ಲಸಿಕೆ ಬೇಡ. ಪ್ರಮಾಣ ಬಾಟಲಿಯ ಮೇಲಿದ್ದಂತೆ, ಸಾಮಾನ್ಯವಾಗಿ 2 ಮಿ.ಲೀ., ಕುತ್ತಿಗೆಯ ಸ್ನಾಯುವಿಗೆ. ಕರುವಿಗೊಂದು ಸೂಜಿ.

ಚರ್ಮಗಂಟು ರೋಗಕ್ಕೆ ಕೊಡುವ ಮೇಕೆ ಸಿಡುಬಿನ ಲಸಿಕೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಜೀವಂತ ವೈರಸ್, ಒಣಪುಡಿ. ಅದರ ಜೊತೆಗೆ ಬಂದ ದ್ರವದಲ್ಲೇ ಕಲಸಿ, ಐಸಿನ ಮೇಲಿಟ್ಟುಕೊಂಡು, ಎರಡು ಗಂಟೆಯೊಳಗೆ ಚರ್ಮದಡಿ ಚುಚ್ಚಬೇಕು. ಸಿರಿಂಜಿಗೆ ಸ್ಪಿರಿಟ್ ಹಚ್ಚಿದರೆ ಲಸಿಕೆಯೇ ಸಾಯುತ್ತದೆ.

ರೋಗ ಬಂದ ಕೊಟ್ಟಿಗೆಗೆ ಫಿನಾಯಿಲ್ ಎರಚಿದ್ದರು. ಕಾಲುಬಾಯಿ ವೈರಸ್‌ಗೆ ಅದು ಅಷ್ಟಾಗಿ ನಾಟದು. ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತೊಳೆಯಿರಿ. ಅಡುಗೆ ಸೋಡಾ ಅಲ್ಲ. ಅನುಮಾನ ಬಂದ ತಕ್ಷಣ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಆಳುಗಳನ್ನು ಪಕ್ಕದ ಕೊಟ್ಟಿಗೆಗೆ ಅದೇ ಗಂಬೂಟಿನಲ್ಲಿ ಹೋಗಗೊಡಬೇಡಿ.