ಟೂರಿಸ್ಟ್ ವೀಸಾದಲ್ಲಿ ವಿದೇಶದ ಸರ್ಕಸ್ ಸೇರಲು ಹೊರಟಿದ್ದೀರಾ? ದಯವಿಟ್ಟು ನಿಲ್ಲಿ

"ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿಗೆ ಬಂದ ಮೇಲೆ ಕೆಲಸದ ವೀಸಾ ಮಾಡಿಸಿಕೊಡ್ತೀವಿ." ಸರ್ಕಸ್ ಕಂಪನಿಯಿಂದ ನಿಮಗೆ ಇಂಥ ಮೆಸೇಜ್ ಬಂದಿದ್ದರೆ ಹೊರಡಬೇಡಿ. ನನ್ನನ್ನೂ ಇದೇ ಮಾತು ಹೇಳಿ ಕರೆಸಿಕೊಂಡರು. ಆ ವೀಸಾ ಬರಲೇ ಇಲ್ಲ.

ನಾನು ಏರಿಯಲ್ ಸಿಲ್ಕ್, ಅಂದರೆ ಮೇಲಿಂದ ಇಳಿಬಿಟ್ಟ ಉದ್ದನೆಯ ಬಟ್ಟೆ ಹಿಡಿದು ಎತ್ತರದಲ್ಲಿ ಕಸರತ್ತು ಮಾಡುವವಳು. ನನ್ನ ಆಕ್ಟ್‌ನ ವಿಡಿಯೊ ನೋಡಿ ಊರೂರು ಸುತ್ತುವ ಒಂದು ಸಣ್ಣ ಕಂಪನಿ ಕರೆಯಿತು. ಕಾಂಟ್ರ್ಯಾಕ್ಟ್ ಕೇಳಿದಾಗ ಒಂದೇ ಒಂದು ಪುಟ ಕಳಿಸಿದರು. ಒಂದು ಶೋಗೆ ಎಷ್ಟು ಎಂದು ಬರೆದಿತ್ತು, ಅಷ್ಟೇ. ರಿಹರ್ಸಲ್‌ಗೆ ದುಡ್ಡು ಉಂಟಾ, ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ, ವಾಪಸ್ ಟಿಕೆಟ್ ಯಾರದು, ಏನೂ ಇರಲಿಲ್ಲ. ಕೇಳಿದ್ದಕ್ಕೆ "ಬನ್ನಿ, ಕೂತು ಮಾತಾಡೋಣ" ಎಂದರು.

ಹೋದ ದಿನವೇ ನೋಂದಣಿಗೆ ಬೇಕು ಎಂದು ಪಾಸ್‌ಪೋರ್ಟ್ ಇಸಿದುಕೊಂಡರು. ಶೋಗಿಂತ ಟೆಂಟ್ ಕಟ್ಟುವ, ಬಿಚ್ಚುವ ಕೆಲಸವೇ ಜಾಸ್ತಿ. ಸಣ್ಣ ಸರ್ಕಸ್‌ಗಳಲ್ಲಿ ಎಲ್ಲರೂ ಟೆಂಟ್ ಕೆಲಸಕ್ಕೆ ಕೈ ಹಾಕುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಾಡಿದ ಕೆಲಸಕ್ಕೆ ದುಡ್ಡು ಕೊಡಬೇಕು ಅಲ್ವಾ? ಕೊಡಲಿಲ್ಲ. ಮೇಲಾಗಿ, ಉಚಿತ ಎಂದಿದ್ದ ವಸತಿಗೆ ಶೋ ದುಡ್ಡಿನಲ್ಲೇ ಹಿಡಿದುಕೊಂಡರು.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ನಾನು ಈ ಬರಹ ಬರೆಯುತ್ತಿರುವುದು ರಿಗ್ಗಿಂಗ್, ಅಂದರೆ ನಮ್ಮನ್ನು ಎತ್ತರದಲ್ಲಿ ನೇತುಹಾಕುವ ಹಗ್ಗ, ಕೊಂಡಿಗಳ ವಿಷಯಕ್ಕೆ.

ಅಲ್ಲಿ ಅದನ್ನು ನೋಡಿಕೊಳ್ಳುವ ರಿಗ್ಗರ್ ಅಂತ ಯಾರೂ ಇರಲಿಲ್ಲ. ಟೆಂಟ್ ಕಟ್ಟುವವರೇ ನನ್ನ ಸಿಲ್ಕನ್ನೂ ನೇತುಹಾಕುತ್ತಿದ್ದರು. ಒಂದು ದಿನ ನೋಡಿದರೆ, ನನ್ನ ಸಿಲ್ಕ್ ಇದ್ದ ಕ್ಯಾರಾಬೈನರ್‌ಗೇ (ತೆರೆದು ಮುಚ್ಚುವ ಲೋಹದ ಕೊಂಡಿ) ಇನ್ನೊಬ್ಬರ ಹೂಪ್‌ನ (ನೇತಾಡುವ ದೊಡ್ಡ ಬಳೆ) ವೈರನ್ನೂ ಸಿಕ್ಕಿಸಿದ್ದರು. ಒಂದೇ ಕೊಂಡಿಯನ್ನು ಮೂರು ಕಡೆಯಿಂದ ಎಳೆದ ಹಾಗಾಯಿತು. ಕ್ಯಾರಾಬೈನರ್ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಉದ್ದಕ್ಕೆ ಎಳೆದಾಗ ಅದು ತಡೆಯುವ ಭಾರದ್ದು. ಅಡ್ಡಕ್ಕೆ ಎಳೆತ ಬಿದ್ದರೆ ಅದರ ಶಕ್ತಿ ತುಂಬಾ ಕಡಿಮೆಯಾಗುತ್ತದೆ. ಡ್ರಾಪ್, ಅಂದರೆ ಮೇಲಿಂದ ಸರ್ರನೆ ಬಿದ್ದು ನಡುವೆ ನಿಲ್ಲುವ ಕಸರತ್ತು ಮಾಡುವಾಗಂತೂ ನಮ್ಮ ಮೈತೂಕದ ಹಲವು ಪಟ್ಟು ಭಾರ ಒಂದೇ ಸಲಕ್ಕೆ ಬೀಳುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2014ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಕೂದಲಿನಿಂದ ನೇತಾಡುವ ಆಕ್ಟ್ ಮಾಡುತ್ತಿದ್ದ 8 ಮಹಿಳೆಯರು ಶೋ ನಡುವೆಯೇ ಕೆಳಗೆ ಬಿದ್ದರು. ಮುರಿದದ್ದು ಒಂದು ಕ್ಯಾರಾಬೈನರ್. ಎರಡೇ ಕಡೆ ಎಳೆತ ಇರಬೇಕಾದ ಕೊಂಡಿಗೆ ಕನಿಷ್ಠ ಮೂರು ಕಡೆ ಎಳೆತ ಇತ್ತು ಎಂದು ಅಲ್ಲಿನ ಸರ್ಕಾರಿ ತನಿಖೆ ಹೇಳಿತು. ಅದು ದೊಡ್ಡ, ಹೆಸರಾಂತ ಸರ್ಕಸ್.

ನನ್ನ ಕೊಂಡಿಯ ಸ್ಥಿತಿ ನೋಡಿ ನಾನು ಹತ್ತುವುದಿಲ್ಲ ಎಂದೆ. "ಇಷ್ಟವಿಲ್ಲದಿದ್ದರೆ ಹೊರಡು. ನೀನಿಲ್ಲಿ ಯಾವ ವೀಸಾದಲ್ಲಿದ್ದೀಯ ಅಂತ ನೆನಪಿದೆ ತಾನೇ?" ಎಂದರು. ಹತ್ತಿದೆ. ಕೊಂಡಿ ಮುರಿಯಲಿಲ್ಲ, ಆದರೆ ಆಕ್ಟ್ ನಡುವೆ ತಿರುಗಿತು. ಒಂದೇ ಕೈಯಲ್ಲಿ ನೇತಾಡುತ್ತಿದ್ದಾಗ ಸಿಲ್ಕ್ ಜಗ್ಗೆಂದು ಕೆಳಗೆ ಸರಿಯಿತು. ಭುಜ ಹೋಯಿತು.

ಪ್ರವಾಸದ ವಿಮೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ದುಡ್ಡಿಗೆ ಮಾಡುವ ಕೆಲಸ, ಅದೂ ಎತ್ತರದಲ್ಲಿ ಮಾಡುವ ಕಸರತ್ತು, ಎರಡೂ ಅದರಲ್ಲಿ ಸೇರುವುದಿಲ್ಲವಂತೆ. ಕಾರ್ಮಿಕ ಇಲಾಖೆಗೆ ಹೋಗಲು ಭಯ, ಏಕೆಂದರೆ ಕಾಗದದಲ್ಲಿ ನಾನು ಬರೀ ಪ್ರವಾಸಿ. ಕಂಪನಿಗೆ ಇದು ಮೊದಲೇ ಗೊತ್ತಿತ್ತು. ಸರಿಯಾದ ವೀಸಾ ಇದ್ದಿದ್ದರೆ ಅವತ್ತು ಹತ್ತುವುದಿಲ್ಲ ಎಂದ ನನ್ನ ಮಾತಿಗೆ ಬೆಲೆ ಇರುತ್ತಿತ್ತು. ಬಾಕಿ ದುಡ್ಡು ಇನ್ನೂ ಬಂದಿಲ್ಲ. ಭುಜ ಮೊದಲಿನಂತಾಗಿಲ್ಲ.

ನೆಟ್ಟಗೆ ಹೋಗುವ ದಾರಿ ಇದೆ. ಅಮೆರಿಕಕ್ಕೆ ಸರ್ಕಸ್ ಕಲಾವಿದರು ಸಾಮಾನ್ಯವಾಗಿ ಪಿ-1 ಅಥವಾ ಓ-1 ಎಂಬ ಕೆಲಸದ ವೀಸಾದಲ್ಲಿ ಹೋಗುತ್ತಾರೆ. ಅದಕ್ಕೆ ಅಲ್ಲಿನ ಕಂಪನಿ ಅಥವಾ ಏಜೆಂಟ್ ಮೊದಲು ಅರ್ಜಿ ಹಾಕಬೇಕು, ನೀವಾಗಿಯೇ ಹಾಕಲು ಬರುವುದಿಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು ಎಂಬುದು ಬರೀ ಇರುವ ಲೆಕ್ಕ, ಶೋ ಮಾಡಿ ದುಡಿಯುವುದಕ್ಕೆ ಒಪ್ಪಿಗೆಯಲ್ಲ. ಇನ್ನೂ ಕಲಿಯುವ ವಯಸ್ಸಾದರೆ ಸ್ಕೂಲಿನ ದಾರಿಯೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆನಡಾದ ಮಾಂಟ್ರಿಯಲ್‌ನಲ್ಲಿ 1981ರಿಂದ ರಾಷ್ಟ್ರೀಯ ಸರ್ಕಸ್ ಶಾಲೆ ಇದೆ. ಫ್ರಾನ್ಸಿನ ಶಾಲೋನ್‌ನಲ್ಲೂ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲೂ ಸರ್ಕಸ್ ಶಾಲೆಗಳಿವೆ. ಆಡಿಷನ್ ಕಷ್ಟ, ನಿಜ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಹೋಗುತ್ತೀರಿ, ರಿಗ್ಗಿಂಗ್ ಗೊತ್ತಿರುವವರ ಕೈಯಲ್ಲಿ ಕಲಿಯುತ್ತೀರಿ.

ಕಂಪನಿಯ ಜೊತೆ ಮಾತಾಡುವಾಗ ರಿಗ್ಗರ್ ಯಾರು ಎಂದು ಹೆಸರು ಕೇಳಿ, ಅವರೊಂದಿಗೇ ಮಾತಾಡಿ. ಅಲ್ಲಿ ಈಗ ಕೆಲಸ ಮಾಡುತ್ತಿರುವವರನ್ನಲ್ಲ, ಬಿಟ್ಟು ಬಂದವರನ್ನು ವಿಚಾರಿಸಿ. ಎತ್ತರದ ಆಕ್ಟ್‌ಗೆ ಅನ್ವಯಿಸುವ ಅಪಘಾತ ವಿಮೆಯ ಕಾಗದ ಕೈಗೆ ಬಂದ ಮೇಲೆ ಟಿಕೆಟ್ ತೆಗೆಯಿರಿ.

ಈಗಾಗಲೇ ಹೋಗಿ ಸಿಕ್ಕಿಹಾಕಿಕೊಂಡಿದ್ದರೆ ಪಾಸ್‌ಪೋರ್ಟ್ ಇಲ್ಲ ಎಂದು ಹೆದರಿ ಕೂರಬೇಡಿ. ಅದು ಕಂಪನಿಯ ಸ್ವತ್ತಲ್ಲ. ನಿಮ್ಮ ದೇಶದ ರಾಯಭಾರ ಕಚೇರಿಗೆ ಹೋದರೆ ಮನೆಗೆ ಮರಳಲು ತುರ್ತು ಪ್ರಯಾಣದ ದಾಖಲೆ ಮಾಡಿಸಿಕೊಳ್ಳಬಹುದು. ನಾನು ಅಲ್ಲಿಗೆ ಹೊರಟಿದ್ದೇನೆ ಎಂದು ಗೊತ್ತಾದ ಮೇಲೆಯೇ ಅವರು ನನ್ನ ಪಾಸ್‌ಪೋರ್ಟ್ ವಾಪಸ್ ಕೊಟ್ಟದ್ದು.