‘ಕಾಸಾಬ್ಲಾಂಕಾ’ ನೋಡುವುದೋ, ‘ದಿ ಇಂಗ್ಲಿಷ್ ಪೇಷೆಂಟ್’ ನೋಡುವುದೋ?

ಎರಡೂ ಎರಡನೇ ಮಹಾಯುದ್ಧದ ಪ್ರೇಮಕಥೆಗಳು, ಎರಡಕ್ಕೂ ಉತ್ತರ ಆಫ್ರಿಕಾದ ನಂಟು, ಎರಡಕ್ಕೂ ಅತ್ಯುತ್ತಮ ಚಿತ್ರದ ಆಸ್ಕರ್. ಹಳೆಯ ನೆನಪನ್ನು ತೆರೆಗೆ ತರುವ ಬಗೆ ಮಾತ್ರ ತೀರಾ ಬೇರೆ.

1942ರ ‘ಕಾಸಾಬ್ಲಾಂಕಾ’ ಕಪ್ಪು-ಬಿಳುಪಿನದು, 102 ನಿಮಿಷ. ಫ್ಲ್ಯಾಶ್‌ಬ್ಯಾಕ್ ಒಂದೇ: ನಾಯಕ ರಿಕ್ ಕತ್ತಲಲ್ಲಿ ಕುಡಿಯುತ್ತ ಕುಳಿತಾಗ ಪ್ಯಾರಿಸ್‌ನ ದಿನಗಳು ಮರುಕಳಿಸುತ್ತವೆ. ರೈಲು ನಿಲ್ದಾಣದಲ್ಲಿ, ಅವನ ಪ್ರೇಯಸಿ ಇಲ್ಸಾ ಬರೆದ ಚೀಟಿಯ ಶಾಯಿ ಮಳೆಹನಿಗೆ ಕರಗಿ ಇಳಿಯುತ್ತದೆ. ಅಷ್ಟೇ, ಕಣ್ಣೀರಿನ ಅಗತ್ಯವೇ ಬೀಳುವುದಿಲ್ಲ.

1996ರಲ್ಲಿ ಆಂಟನಿ ಮಿಂಘೆಲ್ಲಾ ನಿರ್ದೇಶಿಸಿದ ‘ದಿ ಇಂಗ್ಲಿಷ್ ಪೇಷೆಂಟ್’ಗೆ 162 ನಿಮಿಷ ಬೇಕು. ಇಟಲಿಯ ಪಾಳುಬಿದ್ದ ಮಠದಲ್ಲಿ ಮೈಯೆಲ್ಲ ಸುಟ್ಟ ರೋಗಿ ಮಲಗಿದ್ದಾನೆ. ಅವನ ನೆನಪು ಮತ್ತೆ ಮತ್ತೆ ಮರುಭೂಮಿಗೆ ಹೋಗಿ ಬರುತ್ತದೆ. ನಡುವೆ ಕಾಫಿಗೆಂದು ಎದ್ದರೆ ಯಾವ ಕಾಲದಲ್ಲಿದ್ದೇವೆಂಬುದೇ ತಿಳಿಯದು. ನಿಜ ಹೇಳಬೇಕೆಂದರೆ, ಆ ಮರುಭೂಮಿಯ ಪ್ರೇಮ ನನಗೆ ಸ್ವಲ್ಪ ಎಳೆದಂತೆಯೇ ಅನ್ನಿಸಿತು. ಮನಸ್ಸಿನಲ್ಲಿ ಉಳಿದದ್ದು ಬಾಂಬು ನಿಷ್ಕ್ರಿಯಗೊಳಿಸುವ ಸಿಖ್ ಯೋಧ ಕಿಪ್. ಅವನು ನರ್ಸ್ ಹಾನಾಳನ್ನು ಹಗ್ಗದಲ್ಲಿ ಚರ್ಚಿನ ಮೇಲಕ್ಕೆತ್ತುತ್ತಾನೆ. ಅವಳ ಕೈಯ ಉರಿಯುವ ಬೆಳಕಿಗೆ ಗೋಡೆಯ ಚಿತ್ರಗಳು ಒಂದೊಂದಾಗಿ ಕತ್ತಲೆಯಿಂದ ಹೊರಬರುತ್ತವೆ.

ರಾತ್ರಿ ಊಟವಾದ ಮೇಲೆ ನೋಡುವುದಾದರೆ ‘ಕಾಸಾಬ್ಲಾಂಕಾ’. ಇನ್ನೊಂದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು.