ವಿಟ್ನೆಸ್ ವರ್ಚುವಲ್ಲೋ ಫಿಸಿಕಲ್ಲೋ ಆಮೇಲೆ, ಅದು ಎಲ್ಲಿ ಕೂತಿದೆ ಅಂತ ಮೊದಲು ನೋಡಿ

ಎರಡು ಸೈಟ್‌ಗಳ ವಿಸ್ಯಾನ್ ಸ್ಟ್ರೆಚ್ಡ್ ಕ್ಲಸ್ಟರ್, ಅಂದರೆ ಒಂದೇ ಡೇಟಾವನ್ನು ಎರಡು ಜಾಗದ ಸರ್ವರ್‌ಗಳಲ್ಲೂ ಇಡುವ ವಿಎಂವೇರ್ ಸ್ಟೋರೇಜ್ ವ್ಯವಸ್ಥೆ, ಹಾಕಿಸಲು ಹೊರಟಿದ್ದೀರಾ? ಅದರಲ್ಲಿ ಎರಡು ಸೈಟ್‌ಗಳ ಜೊತೆ ವೋಟ್ ಹಾಕುವ ಮೂರನೆಯವನೇ ವಿಟ್ನೆಸ್; ಒಂದು ಸೈಟ್ ಹೋದಾಗ ಉಳಿದದ್ದು ಮುಂದುವರಿಯಲು ಅದರ ವೋಟ್ ಬೇಕು. ದಯವಿಟ್ಟು ಇದನ್ನು ಓದಿ, ಆಮೇಲೆ ಸಹಿ ಹಾಕಿ.

ನಮ್ಮ ಮೊದಲ ಸೈಟ್‌ನ ಯುಪಿಎಸ್ ಕೈಕೊಟ್ಟಿತು. ಇಡೀ ಸೈಟ್ ಕತ್ತಲು. ಎರಡನೇ ಸೈಟ್‌ಗೆ ಏನೂ ಆಗಿರಲಿಲ್ಲ. ಹೋಸ್ಟ್‌ಗಳು (ಸರ್ವರ್‌ಗಳು) ಆನ್, ಡಿಸ್ಕ್‌ಗಳು ಸರಿ, ಡೇಟಾದ ಪೂರ್ತಿ ಕಾಪಿ ಅಲ್ಲೇ ಇತ್ತು. ಆದರೂ ಒಂದು ವಿಎಂ (ಹೋಸ್ಟ್ ಮೇಲೆ ಓಡುವ ವರ್ಚುವಲ್ ಕಂಪ್ಯೂಟರ್) ಕೂಡ ಏಳಲಿಲ್ಲ. ಒಂದೇ ಒಂದೂ ಏಳಲಿಲ್ಲ! ಇಂಥ ದಿನಕ್ಕೇ ಅಂತ ದುಪ್ಪಟ್ಟು ದುಡ್ಡು ಸುರಿದದ್ದು, ಅಲ್ವಾ? "ಒಂದು ಸೈಟ್ ಸುಟ್ಟುಹೋದರೂ ಕೆಲಸ ನಿಲ್ಲಲ್ಲ" ಅಂತ ಇದನ್ನು ಹಾಕಿಕೊಟ್ಟವರ ಮಾತು ನಂಬಿ ನಾನೇ ಮೇಲಿನವರ ಮುಂದೆ ಹೇಳಿದ್ದೆ. ಆ ದಿನ ಮೇಲಿನವರ ಮುಖ ನೋಡುವ ಹಾಗಿರಲಿಲ್ಲ.

ಆಗಿದ್ದು ಇಷ್ಟೇ. ವಿಟ್ನೆಸ್ ವಿಎಂ ಮೊದಲ ಸೈಟ್‌ನ ಕಟ್ಟಡದಲ್ಲೇ, ಅದೇ ಯುಪಿಎಸ್ ಮೇಲೆ, ಒಂದು ಮ್ಯಾನೇಜ್‌ಮೆಂಟ್ ಹೋಸ್ಟ್‌ನಲ್ಲಿ ಕೂತಿತ್ತು. ಸೈಟ್ ಜೊತೆ ಅದೂ ಹೋಯಿತು. ಅರ್ಧಕ್ಕಿಂತ ಜಾಸ್ತಿ ವೋಟ್ ಇಲ್ಲದೆ ವಿಸ್ಯಾನ್ ಯಾವ ಆಬ್ಜೆಕ್ಟನ್ನೂ (ವಿಎಂನ ಡಿಸ್ಕ್‌ನಂಥದ್ದು) ತೆರೆಯುವುದಿಲ್ಲ. ಆ ಕಡೆ ಸೈಟ್ ಸತ್ತಿದೆಯೋ, ನಡುವಿನ ಲಿಂಕ್ ಮಾತ್ರ ಕಡಿದಿದೆಯೋ ಅಂತ ಉಳಿದ ಸೈಟ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ಸುಮ್ಮನೆ ಕೂರುತ್ತದೆ. ಕೂರಲೇಬೇಕು, ಇಲ್ಲದಿದ್ದರೆ ಎರಡೂ ಕಡೆ ಬೇರೆ ಬೇರೆ ಡೇಟಾ ಬರೆದು ಸ್ಪ್ಲಿಟ್ ಬ್ರೇನ್ ಆಗುತ್ತದೆ. ಸಾಫ್ಟ್‌ವೇರ್ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಸಿಟ್ಟು ಹಾಕಿಕೊಟ್ಟವರ ಮೇಲೆ. ಮನೆ ಬೀಗದ ಎರಡನೇ ಕೀಲಿಯನ್ನು ಅದೇ ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡು ಹೋದ ಹಾಗಾಯಿತು ಇವರ ಕೆಲಸ.

ಡಿಸೈನ್ ಮಾಡುವಾಗ ಮೀಟಿಂಗ್ ಮೇಲೆ ಮೀಟಿಂಗ್. ಎಲ್ಲದರಲ್ಲೂ ಒಂದೇ ಚರ್ಚೆ: ವಿಟ್ನೆಸ್ ವರ್ಚುವಲ್ ಬೇಕಾ, ಫಿಸಿಕಲ್ ಬೇಕಾ. ಅವರು ವರ್ಚುವಲ್ ಅಂದರು. ಕಾರಣಗಳೂ ಸುಳ್ಳಲ್ಲ. ವರ್ಚುವಲ್ ವಿಟ್ನೆಸ್ ಅಪ್ಲಯನ್ಸ್ ಅಂದರೆ ವಿಎಂ ಒಳಗೆ ಓಡುವ ಇಎಸ್‌ಎಕ್ಸ್‌ಐ (ಹೋಸ್ಟ್ ಮೇಲೆ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್), ಅದರ ಲೈಸೆನ್ಸ್ ಅದರಲ್ಲೇ ಬರುತ್ತದೆ. ಫಿಸಿಕಲ್ ಹೋಸ್ಟ್ ಆದರೆ ಸರ್ವರ್ ಕೊಳ್ಳಬೇಕು, ಲೈಸೆನ್ಸ್ ಕೊಳ್ಳಬೇಕು, ಮೇಲೆ ಅದರಲ್ಲಿ ಬೇರೆ ವಿಎಂ ಓಡಿಸುವ ಹಾಗೂ ಇಲ್ಲ. ಇದೆಲ್ಲ ನಿಜ. ಈ ನಿಜವನ್ನೇ ಮುಂದಿಟ್ಟು ಅಸಲಿ ಪ್ರಶ್ನೆಯನ್ನು ಮುಚ್ಚಿದರು.

ಅವರ ಚಿತ್ರದಲ್ಲಿ ವಿಟ್ನೆಸ್‌ಗೆ ಬೇರೆಯೇ ಡಬ್ಬ, ಮೇಲೆ "ಸೈಟ್ 3" ಅಂತ ಹೆಸರು. ಇದು ನಿಜವಾಗಲೂ ಬೇರೆ ಜಾಗವಾ ಅಂತ ಕೇಳಿದ್ದೆ. "ಹೌದು ಸರ್, ಲಾಜಿಕಲ್ ಆಗಿ ಬೇರೆ." ಲಾಜಿಕಲ್ ಆಗಿ! ಸೈಟ್ 3 ಅಂದರೆ ಅದೇ ಕಟ್ಟಡದ ಇನ್ನೊಂದು ಮಹಡಿ ಅಂತ ಗೊತ್ತಾಗಿದ್ದು ಕರೆಂಟ್ ಹೋದ ದಿನ.

ದೂರದ ಕಚೇರಿಯಲ್ಲಿ ಇಡಬಹುದಲ್ವಾ ಅಂತಲೂ ಕೇಳಿದ್ದೆ. "ಆಗಲ್ಲ ಸರ್, 5 ಮಿಲಿಸೆಕೆಂಡ್ ಒಳಗೆ ಇರಬೇಕು, ಲಿಂಕ್ ತುಂಬಾ ದುಬಾರಿ." ಇಲ್ಲೇ ನೋಡಿ ಟೋಪಿ ಹಾಕಿದ್ದು. ಆ 5 ಮಿಲಿಸೆಕೆಂಡ್ ಲೆಕ್ಕ ಡೇಟಾ ಇರುವ ಎರಡು ಸೈಟ್‌ಗಳ ನಡುವಿನದು. ವಿಟ್ನೆಸ್‌ಗೆ ಅಲ್ಲವೇ ಅಲ್ಲ. ಒಂದೊಂದು ಸೈಟ್‌ನಲ್ಲಿ 10 ಹೋಸ್ಟ್‌ವರೆಗೆ ಇದ್ದರೆ ವಿಟ್ನೆಸ್‌ಗೆ ಹೋಗಿ ಬರಲು 200 ಮಿಲಿಸೆಕೆಂಡ್ ಆದರೂ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಹೋಸ್ಟ್ ಇದ್ದರೆ 100. ಬ್ಯಾಂಡ್‌ವಿಡ್ತ್ ಲೆಕ್ಕ 1000 ಕಾಂಪೊನೆಂಟ್‌ಗೆ (ಆಬ್ಜೆಕ್ಟ್‌ಗಳ ತುಂಡುಗಳು) 2 ಎಂಬಿಪಿಎಸ್. ವಿಟ್ನೆಸ್‌ನಲ್ಲಿ ಡೇಟಾ ಇರುವುದಿಲ್ಲ, ಮೆಟಾಡೇಟಾ ಮಾತ್ರ, ಅಂದರೆ ಡೇಟಾದ ಬಗೆಗಿನ ಸಣ್ಣ ವಿವರ. ಯಾವುದೋ ಸಣ್ಣ ಕಚೇರಿಯ ಮಾಮೂಲಿ ಲಿಂಕ್ ಸಾಕಾಗಿತ್ತು. ಸಾಕಾಗಿತ್ತು ಕಣ್ರೀ!

ಹ್ಯಾಂಡೋವರ್ ದಿನದ ನಾಟಕ ಇನ್ನೊಂದು. ಫೇಲೋವರ್ ಟೆಸ್ಟ್ ಅಂತ ಮೊದಲ ಸೈಟ್‌ನ ಹೋಸ್ಟ್‌ಗಳನ್ನು ಆಫ್ ಮಾಡಿದರು. ಎರಡನೇ ಸೈಟ್‌ನಲ್ಲಿ ವಿಎಂಗಳು ಎದ್ದವು. ಚಪ್ಪಾಳೆ, ಸೈನ್-ಆಫ್. ಆಫ್ ಮಾಡಿದ್ದು ಕ್ಲಸ್ಟರ್ ಹೋಸ್ಟ್‌ಗಳನ್ನು ಮಾತ್ರ. ಮ್ಯಾನೇಜ್‌ಮೆಂಟ್ ಹೋಸ್ಟ್ ಮುಟ್ಟಲೇ ಇಲ್ಲ. ವಿಟ್ನೆಸ್ ಆರಾಮಾಗಿ ಓಡುತ್ತಿತ್ತು, ಅದಕ್ಕೇ ಟೆಸ್ಟ್ ಪಾಸ್. ಅವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಈಗಲೂ ಆ ಚಪ್ಪಾಳೆ ನೆನೆದರೆ ಮೈ ಉರಿಯುತ್ತದೆ.

ಆಮೇಲೆ ಬಂದ ಉತ್ತರಗಳನ್ನು ಕೇಳಿ.

ಮೊದಲನೆಯದು: "ಇದು ಡಬಲ್ ಫೇಲ್ಯೂರ್ ಸರ್, ಯಾವ ಪ್ರಾಡಕ್ಟೂ ತಡೆಯಲ್ಲ." ಒಂದು ಯುಪಿಎಸ್ ಹೋಗಿದ್ದು. ಒಂದೇ. ಅದನ್ನು ಎರಡು ಮಾಡಿದ್ದು ಯಾರು?

ಎರಡನೆಯದು: "ನೀವು ಅಪ್‌ಗ್ರೇಡ್ ಮಾಡಿದ್ದರೆ ಹೀಗಾಗ್ತಿರಲಿಲ್ಲ, ವಿಸ್ಯಾನ್ 7.0 ಅಪ್‌ಡೇಟ್ 3ರಲ್ಲಿ ವಿಟ್ನೆಸ್ ಹೋದರೂ ನಡೆಯುತ್ತೆ." ಅರ್ಧ ನಿಜ ಹೇಳಿ ಬಾಯಿ ಮುಚ್ಚಿಸುವ ಕಲೆ ಇವರಿಗೆ ಚೆನ್ನಾಗಿ ಗೊತ್ತು. ಆ ವರ್ಷನ್‌ನಿಂದ ಸೈಟ್ ಮೊದಲು ಹೋದರೆ ವೋಟ್‌ಗಳನ್ನು ಮತ್ತೆ ಹಂಚಿಕೊಳ್ಳುತ್ತದೆ. ಹಂಚಿಕೆ ಮುಗಿದ ಮೇಲೆ ವಿಟ್ನೆಸ್ ಹೋದರೆ ತಡೆಯುತ್ತದೆ. ಎರಡೂ ಒಂದೇ ಏಟಿಗೆ ಹೋದರೆ ಹಂಚಲು ಸಮಯ ಎಲ್ಲಿದೆ? ಇದನ್ನು ಬರೆದು ಕಳಿಸಿದೆ. ಉತ್ತರವಾಗಿ "ನೋಟೆಡ್ ಸರ್" ಬಂತು. ಅಷ್ಟೇ.

ಮೂರನೆಯದು ಎಲ್ಲಕ್ಕಿಂತ ಚೆಂದ: "ವರ್ಚುವಲ್ ಅಂದರೆ ಹಾಗೇ ಸರ್, ಫಿಸಿಕಲ್ ವಿಟ್ನೆಸ್ ತಗೊಳ್ಳಿ." ಜೊತೆಗೆ ಕೊಟೇಶನ್ ರೆಡಿ. ಅದನ್ನು ಎಲ್ಲಿ ಇಡ್ತೀರಿ ಅಂದೆ. "ಅದೇ ರ‍್ಯಾಕ್‌ನಲ್ಲಿ ಜಾಗ ಇದೆಯಲ್ಲ ಸರ್." ಅದೇ ರ‍್ಯಾಕ್, ಅದೇ ಯುಪಿಎಸ್! ಹೊಸ ಪೆಟ್ಟಿಗೆಗೆ ಹೊಸ ಬಿಲ್, ಅಷ್ಟೇ ವ್ಯತ್ಯಾಸ. ನಾನು ಫೋನ್ ಇಟ್ಟುಬಿಟ್ಟೆ.

ಕೊನೆಗೆ ನಾವೇ ಸರಿ ಮಾಡಿಕೊಂಡೆವು. ದೂರದ ಒಂದು ಚಿಕ್ಕ ಕಚೇರಿಯಲ್ಲಿ ಆಗಲೇ ಇದ್ದ ಇಎಸ್‌ಎಕ್ಸ್‌ಐ ಹೋಸ್ಟ್ ಮೇಲೆ ಹೊಸ ಅಪ್ಲಯನ್ಸ್ ಹಾಕಿದೆವು. 500 ವಿಎಂವರೆಗಿನ ಮೀಡಿಯಂ ಸೈಜ್‌ಗೆ ಬೇಕಾಗಿದ್ದು 2 ವರ್ಚುವಲ್ ಸಿಪಿಯು, 16 ಜಿಬಿ ಮೆಮೊರಿ. ಚೇಂಜ್ ವಿಟ್ನೆಸ್ ಹೋಸ್ಟ್ ಅಂತ ಕೊಟ್ಟರೆ ಅದು ಕಾಂಪೊನೆಂಟ್‌ಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಇಷ್ಟು ಸುಲಭ ಅಂತ ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ನಿಮಗೆ ನಾನು ಹೇಳುವುದು ಇಷ್ಟು. ವರ್ಚುವಲ್ ತಗೊಳ್ಳಿ, ಹೆಚ್ಚಿನವರಿಗೆ ಅದೇ ಸರಿ. ಮೂರನೇ ಜಾಗದಲ್ಲಿ ಹೋಸ್ಟೇ ಇಲ್ಲದಿದ್ದರೆ ಮಾತ್ರ ಫಿಸಿಕಲ್ ಬಗ್ಗೆ ಯೋಚಿಸಿ, ಆಗಲೂ ಆ ಪೆಟ್ಟಿಗೆಯ ಮೇಲೆ ಅಪ್ಲಯನ್ಸ್ ಓಡಿಸಬಹುದಾ ಅಂತ ನೋಡಿ. ಯಾವುದಾದರೂ ಸರಿ, ಅದು ಯಾವ ಕಟ್ಟಡದಲ್ಲಿದೆ, ಕರೆಂಟ್ ಎಲ್ಲಿಂದ, ಯಾವ ಸ್ವಿಚ್ ಮೂಲಕ, ಯಾವ ಸ್ಟೋರೇಜ್ ಮೇಲೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಿಟ್ನೆಸ್‌ಗೆ ಹೋಗುವ ದಾರಿಯನ್ನೂ ನೋಡಿ. ಎರಡನೇ ಸೈಟ್‌ನ ದಾರಿ ಮೊದಲ ಸೈಟ್‌ನ ರೌಟರ್ ಮೂಲಕವೇ ಹೋಗುತ್ತಿದ್ದರೆ ಕಥೆ ಮತ್ತೆ ಅದೇ. ಟೆಸ್ಟ್ ದಿನ ಹೋಸ್ಟ್ ಆಫ್ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಇಡೀ ಸೈಟ್‌ನ ಬ್ರೇಕರ್ ಇಳಿಸಿ ಅನ್ನಿ. ಒಪ್ಪದಿದ್ದರೆ ಉಳಿದ ಹಣ ಕೊಡಬೇಡಿ. ನಮ್ಮದು ಪೂರ್ತಿ ಕೊಟ್ಟಾಗಿತ್ತು, ಅದಕ್ಕೇ ಈಗ ಅವರು ಫೋನ್ ಎತ್ತುತ್ತಿಲ್ಲ.